ಸಂಶಯ ನಿಲ್ಲಲು ನೆಲ ಬೇಕು

ವಿಮಾನ ಹಾರಿಸುವ ಕಂಪ್ಯೂಟರ್ ಆಟದಲ್ಲಿ ಜಾಯ್‌ಸ್ಟಿಕ್ ನೆಟ್ಟಗೆ ನಿಂತಿದ್ದರೂ ವಿಮಾನ ಎಡಕ್ಕೆ ವಾಲುತ್ತದೆ, ಮರುಕ್ಷಣ ತಾನಾಗಿ ಸರಿಹೋಗುತ್ತದೆ, ಮತ್ತೆ ಮೂತಿ ಎತ್ತುತ್ತದೆ. ಇಂಥ ಚಂಚಲ ಸಾಧನದ ದೋಷ ಎಲ್ಲಿದೆಯೆಂದು ಪರದೆ ನೋಡಿ ಹೇಳಲು ಬರುವುದಿಲ್ಲ. ಹಿಡಿದ ಕೈಯೇ ನಡುಗುತ್ತಿರಬಹುದು. ಕೋಲಿನ ಬುಡದಲ್ಲಿರುವ ಪೊಟೆನ್ಷಿಯೋಮೀಟರ್‌ನ ಇಂಗಾಲದ ಪಟ್ಟಿ ಸವೆದು, ಅದರ ಮೇಲೆ ಜಾರುವ ಲೋಹದ ತುದಿ ಆಗಾಗ ಸ್ಪರ್ಶ ತಪ್ಪುತ್ತಿರಬಹುದು. ಯುಎಸ್‌ಬಿ ತಂತಿ ಬಾಗುವ ಕಡೆ ಒಳಗೊಳಗೇ ಮುರಿದಿರಬಹುದು. ಸ್ವಂತ ವಿದ್ಯುತ್ತಿಲ್ಲದ ಹಬ್‌ಗೆ ನಾಲ್ಕಾರು ಸಾಧನಗಳನ್ನು ಸಿಕ್ಕಿಸಿದ್ದರಿಂದ ಜಾಯ್‌ಸ್ಟಿಕ್ ಪದೇ ಪದೇ ಕಳಚಿಕೊಂಡು ಮತ್ತೆ ಕೂಡಿಕೊಳ್ಳುತ್ತಿರಬಹುದು. ಆಪರೇಟಿಂಗ್ ಸಿಸ್ಟಂ ಹಳೆಯ ಕ್ಯಾಲಿಬ್ರೇಷನ್ ಅನ್ನೇ ನೆಚ್ಚಿಕೊಂಡಿರಬಹುದು. ಆಟದ ಸೆಟ್ಟಿಂಗ್‌ನಲ್ಲಿ ಒಂದೇ ಕೆಲಸಕ್ಕೆ ಎರಡು ಸಾಧನಗಳನ್ನು ಜೋಡಿಸಿಟ್ಟು, ಮೂಲೆಯಲ್ಲಿ ಬಿದ್ದಿರುವ ಗೇಮ್‌ಪ್ಯಾಡ್ ಕೂಡ ವಿಮಾನವನ್ನು ಎಳೆಯುತ್ತಿರಬಹುದು. ಕಾರಣಗಳು ಇಷ್ಟಿದ್ದರೂ ಪರದೆಯ ಮೇಲೆ ಕಾಣುವುದು ಒಂದೇ ಬಗೆಯ ಓಲಾಟ. ದೋಷ ಇರುವ ಜಾಗ ಒಂದು, ಅದು ತೋರುವ ಜಾಗ ಮತ್ತೊಂದು. ಹಾಗಾದರೆ ವಿಷಯ ನಮ್ಮವರೆಗೆ ಬರುವ ದಾರಿಯೇ ಕೆಟ್ಟಿರುವಾಗ, ಕೆಟ್ಟಿರುವುದು ದಾರಿಯೇ ಎಂದು ತಿಳಿಯುವುದು ಯಾವುದರ ಬಲದಿಂದ?

ಇದು ತಂತ್ರಜ್ಞರ ಪ್ರಶ್ನೆ ಮಾತ್ರವಾಗಿದ್ದರೆ ಒಂದು ಕೈಪಿಡಿ ಸಾಕಿತ್ತು. ಆದರೆ ಧರ್ಮದ ವಿಚಾರದಲ್ಲಿ ನಾವು ಸಂಶಯವನ್ನು ಹೇಗೆ ಕಾಣುತ್ತೇವೆ ಎಂಬುದೂ ಇದೇ ಪ್ರಶ್ನೆಗೆ ಅಂಟಿಕೊಂಡಿದೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯ 34ನೆಯ ಶ್ಲೋಕದಲ್ಲಿ ಜ್ಞಾನಿಗಳ ಬಳಿಗೆ ಹೋಗಿ ಪ್ರಶ್ನೆ ಕೇಳಿ ತಿಳಿಯಬೇಕೆನ್ನುತ್ತದೆ. ಆರು ಶ್ಲೋಕ ದಾಟುವಷ್ಟರಲ್ಲಿ ಸಂಶಯವೇ ಸ್ವಭಾವವಾದವನಿಗೆ ಇಹವೂ ಇಲ್ಲ, ಪರವೂ ಇಲ್ಲ ಎಂದು ಎಚ್ಚರಿಸುತ್ತದೆ. ಇವೆರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವವರೇ ನಮ್ಮಲ್ಲಿ ಹೆಚ್ಚು. ಶ್ರದ್ಧಾವಂತರಲ್ಲಿ ಹಲವರು ಪ್ರಶ್ನೆಯನ್ನೇ ಅಪಚಾರವೆಂದು ತಿಳಿಯುತ್ತಾರೆ. ವಿಚಾರವಾದಿಗಳಲ್ಲಿ ಹಲವರು ನಂಬಿಕೆಯನ್ನೇ ದೌರ್ಬಲ್ಯವೆಂದು ಬಗೆಯುತ್ತಾರೆ. ಇಬ್ಬರೂ ಸಂಶಯ ಮತ್ತು ಶ್ರದ್ಧೆಯನ್ನು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟಿದ್ದಾರೆ. ದೋಷ ಹುಡುಕುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಆ ಎಣಿಕೆ ನಿಲ್ಲುವುದಿಲ್ಲ. ಸಂಶಯ ಕೆಲಸ ಮಾಡಬೇಕಾದರೆ ಅದರ ಕಾಲಡಿಗೆ ನಂಬಿಕೆ ಇರಲೇಬೇಕು. ನಂಬಿಕೆ ಶುದ್ಧವಾಗಿ ಉಳಿಯಬೇಕಾದರೆ ಅದು ಸಂಶಯಕ್ಕೆ ಮೈಯೊಡ್ಡಲೇಬೇಕು. ಈ ಲೇಖನದ ವಾದ ಇಷ್ಟೇ.

ಈ ವಾದಕ್ಕೆ ಬೇಕಾದ ಸಾಕ್ಷ್ಯ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದಿನವೂ ನಡೆಯುವ ಕೆಲಸದಲ್ಲೇ ಇದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ, ಆರ್.ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಕಟ್ಟಿದ ಈ ಬಡಾವಣೆಯಲ್ಲಿ ಸಾವಿರಾರು ಜನರ ವೃತ್ತಿಯೇ ದೋಷ ಹುಡುಕುವುದು. ಯಂತ್ರಾಂಶದವರು, ತಂತ್ರಾಂಶದವರು, ಫರ್ಮ್‌ವೇರ್ ಬರೆಯುವವರು ಎಲ್ಲರೂ ಒಂದೇ ಶಿಸ್ತನ್ನು ಪಾಲಿಸುತ್ತಾರೆ: ಒಮ್ಮೆಗೆ ಒಂದನ್ನೇ ಬದಲಾಯಿಸು, ಮಿಕ್ಕಿದ್ದನ್ನು ಮುಟ್ಟಬೇಡ. ಜಾಯ್‌ಸ್ಟಿಕ್‌ಗೂ ಅದೇ ಶಿಸ್ತು. ಮೊದಲು ಆಟವನ್ನು ಬದಿಗಿಟ್ಟು ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲೋ ಲಿನಕ್ಸ್‌ನ ಜೆಎಸ್‌ಟೆಸ್ಟ್‌ನಲ್ಲೋ ಅಂಕಿಗಳನ್ನು ನೋಡಬೇಕು. 10 ಬಿಟ್‌ನ ಸಾಧನವಾದರೆ ಒಂದು ಅಕ್ಷದ ಸ್ಥಾನ 0ರಿಂದ 1023ರೊಳಗಿನ ಒಂದು ಸಂಖ್ಯೆ. ಕೋಲು ನಡುವಿನಲ್ಲಿ ನಿಂತಾಗ ಅದು 512ರ ಆಸುಪಾಸಿನಲ್ಲಿರಬೇಕು. ಅಲ್ಲಿಯೂ ಅಂಕಿ ಜಿಗಿಯುತ್ತಿದ್ದರೆ ಆಟ ನಿರ್ದೋಷಿ. ಆಮೇಲೆ ಕೋಲಿನಿಂದ ಕೈ ತೆಗೆಯಬೇಕು. ಆಗಲೂ ಜಿಗಿದರೆ ಕೈ ನಿರ್ದೋಷಿ. ಹಬ್ ಬಿಟ್ಟು ಕಂಪ್ಯೂಟರ್‌ನ ಪೋರ್ಟ್‌ಗೇ ನೇರ ಸಿಕ್ಕಿಸಬೇಕು; ಅದೇ ಜಾಯ್‌ಸ್ಟಿಕ್ ಅನ್ನು ಬೇರೆ ಕಂಪ್ಯೂಟರ್‌ಗೆ, ಬೇರೆ ಜಾಯ್‌ಸ್ಟಿಕ್ ಅನ್ನು ಅದೇ ಕಂಪ್ಯೂಟರ್‌ಗೆ ಹಾಕಿ ನೋಡಬೇಕು. ಜಿಗಿತ ಯಾವುದನ್ನು ಹಿಂಬಾಲಿಸಿ ಹೋಗುತ್ತದೋ ಅಲ್ಲಿ ದೋಷವಿದೆ. ನಮ್ಮ ತರ್ಕಶಾಸ್ತ್ರ ಅನ್ವಯ, ವ್ಯತಿರೇಕ ಎನ್ನುವುದು ಇದನ್ನೇ: ಇದು ಇದ್ದಲ್ಲಿ ಅದು ಇದೆ, ಇದು ಇಲ್ಲದಲ್ಲಿ ಅದೂ ಇಲ್ಲ. ತಂತಿಯನ್ನು ಒಮ್ಮೆ ಕಿತ್ತು ಸಿಕ್ಕಿಸಿದಾಗ ಜಿಗಿತ ನಿಂತರೆ ಅಷ್ಟಕ್ಕೇ ತಂತಿಯೇ ಕಾರಣವೆನ್ನುವುದು ಕಾಕತಾಳೀಯ ನ್ಯಾಯವಾದೀತು. ಬಂದು ಹೋಗುವ ದೋಷ ಪರಿಹಾರದ ಹೊತ್ತಿಗೆ ತಾನಾಗಿಯೇ ಹೋಗಿದ್ದಿರಬಹುದು. ಹಳೆಯ ಸ್ಥಿತಿಗೆ ತಂದಾಗ ಅದು ಮರಳಿ ಬಂದರೆ ಮಾತ್ರ ಕಾರಣ ಸಿಕ್ಕಿತೆನ್ನಬಹುದು.

ಈ ಪ್ರತಿಯೊಂದು ಹೆಜ್ಜೆಯಲ್ಲೂ ಸಂಶಯದ ಜೊತೆ ಒಂದು ವಿಶ್ವಾಸ ನಡೆದು ಬರುತ್ತಿದೆ. ಆಟವನ್ನು ಶಂಕಿಸುವಾಗ ಪರೀಕ್ಷೆಯ ಕಿಟಕಿಯನ್ನು ನಂಬಿದ್ದೇವೆ. ಜಾಯ್‌ಸ್ಟಿಕ್ ಅನ್ನು ಶಂಕಿಸುವಾಗ ಎರಡನೆಯ ಕಂಪ್ಯೂಟರ್ ಅನ್ನು ನಂಬಿದ್ದೇವೆ. ಪೊಟೆನ್ಷಿಯೋಮೀಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಮಲ್ಟಿಮೀಟರ್ ಅನ್ನು ನಂಬಿದ್ದೇವೆ. ಎಲ್ಲವನ್ನೂ ಏಕಕಾಲದಲ್ಲಿ ಶಂಕಿಸುವವನಿಗೆ ಮೊದಲ ಹೆಜ್ಜೆಯೂ ಸಾಧ್ಯವಿಲ್ಲ, ಏಕೆಂದರೆ ಅವನಿಗೆ ಯಾವ ಫಲಿತಾಂಶವೂ ಏನನ್ನೂ ಹೇಳುವುದಿಲ್ಲ. ನೈಯಾಯಿಕ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯಲ್ಲಿ ಶಂಕೆಗೆ ಒಂದು ಗಡಿ ಹಾಕಿದ್ದು ಈ ಕಾರಣಕ್ಕೆ. ಶಂಕೆ ಶಂಕಿಸುವವನ ಸ್ವಂತ ನಡವಳಿಕೆಗೇ ವಿರುದ್ಧವಾದಲ್ಲಿ ನಿಂತುಹೋಗುತ್ತದೆ ಎಂಬುದು ಅವನ ನಿಲುವು. ಹೊಗೆಗೆ ಬೆಂಕಿ ಕಾರಣವೇ ಎಂದು ಬಾಯಲ್ಲಿ ಶಂಕಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುತ್ತಾನೆ. ಸರ್ವವನ್ನೂ ಶಂಕಿಸುತ್ತೇನೆ ಎನ್ನುವವನು ಜಾಯ್‌ಸ್ಟಿಕ್ ಅನ್ನು ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿದ ಕ್ಷಣವೇ ಆ ಮಾತನ್ನು ಹಿಂತೆಗೆದುಕೊಂಡಂತಾಯಿತು. ಗೀತೆ ನಿಂದಿಸುವ ಸಂಶಯಾತ್ಮನನ್ನು ನಾನು ಈ ಬೆಳಕಿನಲ್ಲಿ ಓದುತ್ತೇನೆ. ಅವನ ತಪ್ಪು ಪ್ರಶ್ನೆ ಕೇಳಿದ್ದಲ್ಲ. ಯಾವ ಉತ್ತರಕ್ಕೂ ನೆಲೆಯಾಗಬಲ್ಲ ಒಂದನ್ನೂ ತನ್ನಲ್ಲಿ ಉಳಿಸಿಕೊಳ್ಳದೆ ಹೋದದ್ದು.

ಕರ್ನಾಟಕದ ನೆಲದಲ್ಲೇ ಬೆಳೆದ ಒಂದು ದರ್ಶನ ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ಕಟ್ಟಿದೆ. ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರಮಾಣಲಕ್ಷಣ ಎಂಬ ಚಿಕ್ಕ ಗ್ರಂಥದಲ್ಲಿ ಪ್ರತ್ಯಕ್ಷವನ್ನು ನಿರೂಪಿಸುವಾಗ ನಿರ್ದೋಷತೆಯನ್ನು ಲಕ್ಷಣದೊಳಗೇ ಸೇರಿಸಿದರು. ಕಣ್ಣಿಗೆ ಬಿದ್ದದ್ದೆಲ್ಲ ಪ್ರತ್ಯಕ್ಷ ಪ್ರಮಾಣವಲ್ಲ. ದೋಷವಿಲ್ಲದ ವಸ್ತುವಿಗೂ ದೋಷವಿಲ್ಲದ ಇಂದ್ರಿಯಕ್ಕೂ ಆಗುವ ಸಂಬಂಧವೇ ಪ್ರತ್ಯಕ್ಷ. ಅನುಮಾನ, ಅಂದರೆ ತರ್ಕದಿಂದ ತಿಳಿಯುವುದು, ಮತ್ತು ಆಗಮ, ಅಂದರೆ ಶಾಸ್ತ್ರವಾಕ್ಯ, ಇವುಗಳಿಗೂ ಅವರು ಅದೇ ಷರತ್ತು ಹಾಕಿದರು. 14ನೇ ಶತಮಾನದ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಈ ದೋಷಗಳನ್ನು ಒಂದೊಂದಾಗಿ ಎಣಿಸುತ್ತಾರೆ: ವಸ್ತು ತೀರ ದೂರವಿರುವುದು, ತೀರ ಹತ್ತಿರವಿರುವುದು, ತೀರ ಸೂಕ್ಷ್ಮವಾಗಿರುವುದು, ನಡುವೆ ಮರೆಯಿರುವುದು, ತನ್ನಂಥದ್ದರ ಜೊತೆ ಬೆರೆತಿರುವುದು, ಇಂದ್ರಿಯದ ಕಡೆಯಿಂದ ಕಣ್ಣಿನ ಪೊರೆ, ಕಾಮಾಲೆ, ಮನಸ್ಸು ಅಲ್ಲಿ ಇಲ್ಲದಿರುವುದು. ಭ್ರಮೆ ಎಂದರೆ ಜ್ಞಾನದ ಸಹಜ ಸ್ಥಿತಿಯಲ್ಲ, ಹೊರಗಿನಿಂದ ಬಂದ ದೋಷದ ಫಲ. ಆ ದೋಷಕ್ಕೆ ಒಂದು ಜಾಗವಿದೆ, ಆ ಜಾಗವನ್ನು ಹುಡುಕಬಹುದು ಎಂಬುದು ಈ ಎಣಿಕೆಯ ಹಿಂದಿರುವ ಆಶ್ವಾಸನೆ. ಕೈಯ ಚಲನೆಯನ್ನು ವಸ್ತುವೆಂದೂ ಸಂವೇದಕವನ್ನು ಇಂದ್ರಿಯವೆಂದೂ ತಂತಿ, ಪೋರ್ಟುಗಳನ್ನು ಸಂಬಂಧವೆಂದೂ ಇಟ್ಟುಕೊಂಡರೆ ಚಂಚಲ ಜಾಯ್‌ಸ್ಟಿಕ್‌ನ ತನಿಖೆ ಈ ಪಟ್ಟಿಯ ಕ್ರಮದಲ್ಲೇ ನಡೆಯುತ್ತದೆ. ತನಿಖೆಗಾರನಿಗೂ ಆ ಆಶ್ವಾಸನೆ ಬೇಕೇ ಬೇಕು. ದೋಷಕ್ಕೆ ಜಾಗವೇ ಇಲ್ಲ, ಸಾಧನಗಳ ಸ್ವಭಾವವೇ ಹೀಗೆ ಎಂದುಕೊಂಡವನು ಸ್ಕ್ರೂ ಬಿಚ್ಚುವುದೇ ಇಲ್ಲ.

ಆದರೆ ಪರೀಕ್ಷಿಸುವ ಸಾಧನವನ್ನು ಪರೀಕ್ಷಿಸುವುದು ಯಾವುದು? ಇದಕ್ಕೆ ಕೊನೆಯಿಲ್ಲದಿದ್ದರೆ ಅನವಸ್ಥೆ. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರ ಮಲ್ಟಿಮೀಟರ್‌ಗೆ ಕ್ಯಾಲಿಬ್ರೇಷನ್ ಚೀಟಿ ಅಂಟಿಸಿರುತ್ತಾರೆ. ಆ ಚೀಟಿ ಕೊಟ್ಟ ಪ್ರಯೋಗಾಲಯದ ಮಾನಕವನ್ನು ಅದಕ್ಕಿಂತ ಮೇಲಿನ ಮಾನಕದ ಜೊತೆ ಹೋಲಿಸಿರುತ್ತಾರೆ. ನಮ್ಮ ದೇಶದಲ್ಲಿ ಈ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ಮೀಟರ್ ಇಲ್ಲ. ಜೋಸೆಫ್ಸನ್ ಪರಿಣಾಮದ ಮೂಲಕ ವೋಲ್ಟ್ ಅನ್ನು ನಿಸರ್ಗದ ನಿಯತಾಂಕಗಳಿಗೇ ಕಟ್ಟುತ್ತಾರೆ. 2019ರ ಮೇ 20ರಿಂದ ಅಂತಾರಾಷ್ಟ್ರೀಯ ಮಾನ ಪದ್ಧತಿಯೇ ಇಂಥ ನಿಯತಾಂಕಗಳ ಮೇಲೆ ನಿಂತಿದೆ. ನಿಸರ್ಗ ಎಲ್ಲೆಡೆ, ಎಲ್ಲ ಕಾಲಕ್ಕೂ ತನ್ನ ಮಾತಿಗೆ ನಿಲ್ಲುತ್ತದೆ ಎಂಬ ವಿಶ್ವಾಸ ಆ ಸರಪಳಿಯ ಕೊನೆಯ ಕೊಂಡಿ. ಅದನ್ನು ಅಳೆಯಲು ನಿಸರ್ಗದ ಹೊರಗೆ ಅಳತೆಗೋಲಿಲ್ಲ. ಮಧ್ವರ ಹಾದಿಯ ದ್ವೈತ ವೇದಾಂತಿಗಳು ಜ್ಞಾನದ ವಿಷಯದಲ್ಲಿ ಇದೇ ಇಕ್ಕಟ್ಟನ್ನು ಕಂಡು, ಪ್ರಾಮಾಣ್ಯ ಸ್ವತಃಸಿದ್ಧ ಎಂದರು. ಜ್ಞಾನ ಹುಟ್ಟುವಾಗಲೇ ನಿಜವನ್ನು ತಿಳಿಸುವ ಶಕ್ತಿಯೊಡನೆ ಹುಟ್ಟುತ್ತದೆ. ತಪ್ಪು ಮಾತ್ರ ದೋಷದಿಂದ ಬರುತ್ತದೆ, ಅದನ್ನು ಅಲ್ಲಗಳೆಯುವ ಬಾಧಕ ಸಿಕ್ಕಾಗ ಗೊತ್ತಾಗುತ್ತದೆ. ಹಾಗಾದರೆ ಪರೀಕ್ಷೆಯ ಕೆಲಸವೇನು? ಪರೀಕ್ಷೆ ಪ್ರಾಮಾಣ್ಯವನ್ನು ಹುಟ್ಟಿಸುವುದಿಲ್ಲ, ಅದಕ್ಕೆ ಅಡ್ಡ ನಿಂತ ಶಂಕೆಯನ್ನು ಸರಿಸುತ್ತದೆ. ಸರಿಸಿದ ಮೇಲೆ ಪ್ರಾಮಾಣ್ಯವನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮದ ಸ್ವರೂಪವೇ ಆದ ಅರಿವು. ಸಂಶಯ, ಭ್ರಮೆಗಳು ಮನಸ್ಸಿಗೆ ಸೇರಿದವು. ಸಂಶಯ ಇದೆ ಎಂಬುದನ್ನೇ ನಿಸ್ಸಂಶಯವಾಗಿ ತಿಳಿಯುವುದು ಸಾಕ್ಷಿ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಬಾಧಕ ಬರುವವರೆಗೆ ನಂಬು ಎನ್ನುವುದು ಎಲ್ಲ ಅಂಧಶ್ರದ್ಧೆಗೂ ರಕ್ಷಣೆ ಕೊಟ್ಟಂತಲ್ಲವೇ? ತನ್ನ ನಂಬಿಕೆಗೆ ಬಾಧಕವೇ ಕಾಣುತ್ತಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ಉತ್ತರವೂ ಜಾಯ್‌ಸ್ಟಿಕ್‌ನಲ್ಲೇ ಇದೆ. ಆಟಗಳಲ್ಲಿ ಡೆಡ್ ಜೋನ್ ಎಂಬ ಒಂದು ಅನುಕೂಲವಿದೆ. ನಡುಬಿಂದುವಿನ ಸುತ್ತ ಇಷ್ಟು ಅಗಲದೊಳಗೆ ಏನೇ ಚಲನೆ ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಹೇಳುವ ಸೆಟ್ಟಿಂಗ್ ಅದು. ಸ್ವಲ್ಪ ಇದ್ದರೆ ಒಳ್ಳೆಯದೇ. ಯಾವ ಸಂವೇದಕದಲ್ಲೂ ಒಂದಿಷ್ಟು ಗದ್ದಲ ಇದ್ದೇ ಇರುತ್ತದೆ. ಆದರೆ ಸವೆದ ಪಟ್ಟಿಯ ಜಿಗಿತವನ್ನು ಮುಚ್ಚಲು ಡೆಡ್ ಜೋನ್ ಅಗಲಿಸುತ್ತ ಹೋದರೆ ಜಿಗಿತ ಕಾಣದಾಗುತ್ತದೆ, ಅದರ ಜೊತೆಗೆ ಕೈಯ ನವಿರಾದ ಒತ್ತಡವೂ ವಿಮಾನಕ್ಕೆ ತಲುಪದಾಗುತ್ತದೆ. ರನ್‌ವೇಗೆ ಇಳಿಯುವಾಗ ಬೇಕಾಗುವುದು ಆ ನವಿರಾದ ಒತ್ತಡವೇ. ಕೆಟ್ಟ ಸಾಧನವನ್ನು ಮತ್ತೆ ಮತ್ತೆ ಕ್ಯಾಲಿಬ್ರೇಟ್ ಮಾಡುವುದೂ ಇದೇ ಜಾತಿಯದು. ವಾಲಿದ್ದನ್ನೇ ನೇರವೆಂದು ಕಂಪ್ಯೂಟರ್‌ಗೆ ಕಲಿಸಿದಂತಾಗುತ್ತದೆ. ಬಾಧಕಗಳು ತಲುಪದ ಹಾಗೆ ತನ್ನ ಸುತ್ತ ಜಡವಲಯ ಬೆಳೆಸಿಕೊಂಡ ನಂಬಿಕೆಗೆ ಬಾಧಕ ಕಾಣುತ್ತಿಲ್ಲ ಎನ್ನುವ ಹಕ್ಕಿಲ್ಲ. ಹರಕೆ ಫಲಿಸಿದರೆ ದೇವರ ಮಹಿಮೆ, ಫಲಿಸದಿದ್ದರೆ ಭಕ್ತನ ಲೋಪ ಎಂದು ಮೊದಲೇ ನಿಶ್ಚಯಿಸಿಕೊಂಡವನಿಗೆ ಯಾವ ಅನುಭವವೂ ಏನನ್ನೂ ಕಲಿಸದು. ಹುಟ್ಟಿನಿಂದ ಒಬ್ಬ ಮೇಲು, ಒಬ್ಬ ಕೀಳು ಎಂಬ ಎಣಿಕೆ ಇಷ್ಟು ಶತಮಾನ ಉಳಿದುಬಂದದ್ದೂ ಹೀಗೆಯೇ. ಅದಕ್ಕೆ ಬಾಧಕವಾಗಿ ಬಂದ ಪ್ರತಿ ಮನುಷ್ಯನ ಯೋಗ್ಯತೆಯನ್ನೂ ಅಪವಾದವೆಂದು ಆ ವಲಯದೊಳಗೆ ಹಾಕಿ ಮುಚ್ಚಿದರು. ಬಾಧಕ ಬರುವವರೆಗೆ ನಂಬು ಎಂಬ ಮಾತಿನ ಇನ್ನರ್ಧ, ಬಾಧಕಕ್ಕೆ ಬಾಗಿಲು ತೆರೆದಿಡು ಎಂಬುದು.

ಎರಡನೆಯ ಆಕ್ಷೇಪ ಎಂಜಿನಿಯರುಗಳದ್ದು. ಒಂದನ್ನು ನಂಬುವ ಅಗತ್ಯವೇ ಇಲ್ಲ, ಹಲವನ್ನು ಇಟ್ಟು ಬಹುಮತ ಕೇಳಿದರಾಯಿತು ಎಂದು ಅವರು ಹೇಳಬಹುದು. ಇದರಲ್ಲಿ ಸತ್ಯಾಂಶ ಬಹಳವಿದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನದಲ್ಲಿ ಪೈಲಟ್‌ನ ಕೋಲಿಗೂ ರೆಕ್ಕೆಗೂ ನಡುವೆ ಇರುವುದು ನಾಲ್ಕು ಸಮಾನಾಂತರ ವಿದ್ಯುನ್ಮಾನ ಮಾರ್ಗಗಳು. ಒಂದು ತಪ್ಪಿದರೆ ಉಳಿದವು ಅದನ್ನು ಗುರುತಿಸಿ ಹೊರಗಿಡುತ್ತವೆ. ಒಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಬೋಯಿಂಗ್ 737 ಮ್ಯಾಕ್ಸ್ ದುರಂತಗಳೇ ಸಾಕ್ಷಿ. ಮೂತಿಯನ್ನು ತಾನಾಗಿ ಕೆಳಗೆ ಒತ್ತುವ ಅದರ ವ್ಯವಸ್ಥೆ ಗಾಳಿಯ ಕೋನ ಅಳೆಯುವ ಒಂದೇ ಸಂವೇದಕದ ಮಾತು ಕೇಳುತ್ತಿತ್ತು. 2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದಲ್ಲಿ 189 ಜನ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಜನ ಪ್ರಾಣ ತೆತ್ತರು. ಆದರೆ ಬಹುಮತವೂ ಕೊನೆಯ ಆಸರೆಯಲ್ಲ. 2008ರ ನವೆಂಬರ್ 27ರಂದು ಫ್ರಾನ್ಸಿನ ಪರ್ಪಿನ್ಯಾನ್ ಬಳಿ ಸಮುದ್ರಕ್ಕೆ ಬಿದ್ದ ಏರ್‌ಬಸ್ 320ರಲ್ಲಿ ಅಂಥ ಸಂವೇದಕಗಳು ಮೂರಿದ್ದವು. ವಿಮಾನ ತೊಳೆದಾಗ ಒಳಹೊಕ್ಕ ನೀರು ಎತ್ತರದಲ್ಲಿ ಹೆಪ್ಪುಗಟ್ಟಿ ಎರಡು ಸಂವೇದಕಗಳು ಹೆಚ್ಚುಕಡಿಮೆ ಒಂದೇ ತಪ್ಪು ಕೋನದಲ್ಲಿ ಸಿಕ್ಕಿಬಿದ್ದವು. ಎರಡು ಸುಳ್ಳುಗಳು ಪರಸ್ಪರ ಒಪ್ಪಿದ್ದರಿಂದ ರಕ್ಷಣಾ ವ್ಯವಸ್ಥೆ ಕೆಲಸಕ್ಕೆ ಬಾರದಾಯಿತು. ವಿಮಾನದಲ್ಲಿದ್ದ ಏಳೂ ಜನ ತೀರಿಕೊಂಡರು. ಹಲವರ ಒಮ್ಮತಕ್ಕೆ ಬೆಲೆ ಬರುವುದು ಅವರು ಬೇರೆ ಬೇರೆ ದಾರಿಯಿಂದ ಅಲ್ಲಿಗೆ ಬಂದಾಗ. ಒಂದೇ ನೀರಿನಲ್ಲಿ ನೆನೆದವರ ಒಮ್ಮತ ಒಬ್ಬನ ಮಾತಿಗಿಂತ ಹೆಚ್ಚಿನದಲ್ಲ. ಸಾವಿರಾರು ಜನ, ನೂರಾರು ವರ್ಷ ನಂಬಿದ್ದಾರೆ ಎಂಬ ವಾದಕ್ಕೂ, ವಿದ್ಯಾವಂತರಾರೂ ಈಗ ನಂಬುವುದಿಲ್ಲ ಎಂಬ ವಾದಕ್ಕೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಮೂರನೆಯ ಆಕ್ಷೇಪ ಸಾಕ್ಷಿಯ ಮೇಲೆಯೇ. ಕೈ ಅಲುಗಿಸಿಲ್ಲ ಎಂದು ಆಡುವವನಿಗೆ ಖಚಿತವಾಗಿ ಅನ್ನಿಸಿದರೂ ಕೈ ನಡುಗಿರಬಹುದಲ್ಲವೇ? ಒಳಗಿನ ಖಾತ್ರಿಯೇ ತಪ್ಪಬಹುದಾದರೆ ಸಾಕ್ಷಿಗೆ ಅಷ್ಟು ದೊಡ್ಡ ಪದವಿ ಏಕೆ? ಇಲ್ಲಿ ಎರಡನ್ನು ಬೇರ್ಪಡಿಸಬೇಕು. ಕೈ ಅಲುಗಿಲ್ಲ ಎಂಬುದು ಹೊರಗಿನ ದೇಹದ ಕುರಿತ ಹೇಳಿಕೆ, ಅದು ತಪ್ಪಬಹುದು. ಅದಕ್ಕೇ ಕೋಲಿನಿಂದ ಕೈ ತೆಗೆದು ನೋಡುವ ಪರೀಕ್ಷೆ ಇರುವುದು. ನೇರ ಹಾರಬೇಕೆಂದು ಬಯಸಿದೆ, ವಿಮಾನ ವಾಲಿದ್ದು ಕಂಡಿತು, ಅದರಿಂದ ಬೇಸರವಾಯಿತು ಎಂಬವು ಇನ್ನೊಂದು ಬಗೆಯವು. ಬೇಸರವಾಗಿದೆ ಎಂಬುದನ್ನು ಯಾವ ಪರೀಕ್ಷೆಯೂ ಸುಳ್ಳಾಗಿಸದು. ಈ ಅರಿವು ಹೊರಗಿನ ಸಂಗತಿಗಳ ಬಗ್ಗೆ ತೀರ್ಪು ಕೊಡುವುದಿಲ್ಲ, ಆದರೆ ಬಯಸಿದ್ದಕ್ಕೂ ಆದದ್ದಕ್ಕೂ ನಡುವೆ ಬಿರುಕಿದೆ ಎಂದು ತಿಳಿಸುವುದು ಇದೇ. ಆ ಬಿರುಕು ಗೊತ್ತಾಗದಿದ್ದರೆ ತನಿಖೆ ಆರಂಭವಾಗುತ್ತಲೇ ಇರಲಿಲ್ಲ. ಸಾಕ್ಷಿಯ ಕುರಿತ ಎಲ್ಲ ದ್ವೈತ ಪ್ರತಿಪಾದನೆಗಳನ್ನು ಒಪ್ಪದವರೂ ಇಷ್ಟನ್ನು ಒಪ್ಪಬಹುದು. ಜಗತ್ತು ಸತ್ಯವೋ ಮಿಥ್ಯೆಯೋ ಎಂಬಲ್ಲಿ ದ್ವೈತದ ಉಡುಪಿಗೂ ಅದ್ವೈತದ ಶೃಂಗೇರಿಗೂ ಶತಮಾನಗಳ ವಾದವಿದೆ. ಆದರೂ ವ್ಯವಹಾರದಲ್ಲಿ ಬಾಧಿತವಾಗುವ ತನಕ ಜ್ಞಾನ ಪ್ರಮಾಣವೇ ಎಂಬುದನ್ನು ಅದ್ವೈತಿಗಳೂ ಹೇಳುತ್ತಾರೆ. ಪ್ರಾಮಾಣ್ಯ ಹೊರಗಿನಿಂದ, ಸಫಲ ಪ್ರವೃತ್ತಿಯಿಂದ ತಿಳಿಯುತ್ತದೆ ಎನ್ನುವ ನೈಯಾಯಿಕರೂ ಶಂಕೆ ಏಳದ ಕಡೆ ಪರೀಕ್ಷೆಯನ್ನು ನಿಲ್ಲಿಸುತ್ತಾರೆ. ದಾರಿಗಳು ಬೇರೆಯಾದರೂ ಸಂಶಯಕ್ಕೆ ನೆಲ ಬೇಕೆಂಬಲ್ಲಿ ಮೂವರೂ ಕೂಡುತ್ತಾರೆ.

ಕೊನೆಯ ಆಕ್ಷೇಪ ಎರಡೂ ಕಡೆಯಿಂದ ಬರುತ್ತದೆ: ಜಾಯ್‌ಸ್ಟಿಕ್‌ಗೆ ಹೊಂದುವ ತರ್ಕ ಶಾಸ್ತ್ರಕ್ಕೆ, ದೇವರಿಗೆ ಹೊಂದುವುದೇ? ದೇವರಿದ್ದಾನೆಂದು ಈ ತರ್ಕ ಸಾಧಿಸುವುದಿಲ್ಲ, ಇಲ್ಲವೆಂದೂ ಸಾಧಿಸುವುದಿಲ್ಲ. ಆದರೆ ಶಾಸ್ತ್ರವನ್ನು ನಂಬುವವರು ಹೇಗೆ ನಂಬಬೇಕು ಎಂಬುದನ್ನು ಅದು ಖಂಡಿತ ಹೇಳುತ್ತದೆ. ವೇದ ಅಪೌರುಷೇಯ, ಕರ್ತೃವಿಲ್ಲದ ಕಾರಣ ಕರ್ತೃವಿನ ದೋಷಗಳೂ ಇಲ್ಲ ಎಂಬ ಸಂಪ್ರದಾಯದ ವಾದದ ಆಕಾರವೇ ದೋಷಪರಿಹಾರದ್ದು: ದೋಷ ಬರಬಹುದಾದ ಒಂದು ಬಾಗಿಲನ್ನು ಅದು ಮುಚ್ಚುತ್ತದೆ. ಆ ವಾದವನ್ನು ಸಂಪೂರ್ಣ ಒಪ್ಪಿದರೂ ಮುಚ್ಚಿದ್ದು ಒಂದೇ ಬಾಗಿಲು. ಇಂಗಾಲದ ಪಟ್ಟಿಯ ಬದಲು ಸವೆಯದ ಹಾಲ್ ಸಂವೇದಕ ಹಾಕಿದ ಮಾತ್ರಕ್ಕೆ ತಂತಿ ಸರಿಯಿದೆ ಎಂದಾಗುವುದಿಲ್ಲ. ಮಾತು ನಿರ್ದೋಷವಾಗಿದ್ದರೂ ಕೇಳುವ ಕಿವಿ, ಅರ್ಥ ಮಾಡುವ ಮನಸ್ಸು, ಹೇಳಿಕೊಡುವ ಪರಂಪರೆ ಇವುಗಳಲ್ಲಿ ದೋಷವಿರಬಹುದು. ವಸ್ತು, ಇಂದ್ರಿಯ, ಸಂಬಂಧ ಮೂರೂ ಶುದ್ಧವಿರಬೇಕೆಂಬ ಮಧ್ವರ ಷರತ್ತು ಓದುಗನಿಗೂ ಅನ್ವಯಿಸಲೇಬೇಕು. ಆದ್ದರಿಂದ ಶಾಸ್ತ್ರ ತಪ್ಪದು ಎನ್ನುವವನು ತನ್ನ ಓದೂ ತಪ್ಪದು ಎಂದು ಅದೇ ಉಸಿರಿನಲ್ಲಿ ಹೇಳುವಂತಿಲ್ಲ. ಧರ್ಮದ ಹೆಸರಿನಲ್ಲಿ ನಡೆದ ಅನ್ಯಾಯಗಳಲ್ಲಿ ಬಹುಪಾಲು ಈ ಎರಡನ್ನು ಒಂದಾಗಿಸಿದ್ದರಿಂದ ಹುಟ್ಟಿದವು ಎಂಬುದು ನನ್ನ ದೃಢ ಅಭಿಪ್ರಾಯ. ಇತ್ತ, ಓದುಗರ ತಪ್ಪುಗಳನ್ನು ತೋರಿಸಿ ಮೂಲವನ್ನೇ ತಳ್ಳಿಹಾಕುವವನೂ ಕೊಂಡಿ ತಪ್ಪಿಸಿದ್ದಾನೆ. ತಂತಿ ಮುರಿದಿದ್ದಕ್ಕೆ ಕೈಯನ್ನು ದೂರಿದಂತಾಯಿತು.

ಇವೆಲ್ಲದರಿಂದ ನಂಬುವವನಿಗೂ ಶಂಕಿಸುವವನಿಗೂ ಒಂದೇ ಕರ್ತವ್ಯ ಹೊರಡುತ್ತದೆ. ಶಂಕಿಸುವವನು ತಾನು ಈಗ ಯಾವುದನ್ನು ನಂಬಿ ಶಂಕಿಸುತ್ತಿದ್ದೇನೆಂದು ಹೇಳಬೇಕು, ನಾಳೆ ಅದನ್ನೂ ಪರೀಕ್ಷೆಗೆ ಇಳಿಸಲು ಸಿದ್ಧನಿರಬೇಕು. ನಂಬುವವನು ಏನು ಕಂಡರೆ ತನ್ನ ನಂಬಿಕೆಯ ಯಾವ ಭಾಗ ಕದಲಬೇಕೆಂದು ಮುಂಚಿತವಾಗಿ ತನಗೆ ತಾನೇ ಹೇಳಿಕೊಳ್ಳಬೇಕು, ಕಂಡ ದಿನ ಮಾತಿಗೆ ತಪ್ಪಬಾರದು. ಇಬ್ಬರೂ ಒಮ್ಮೆಗೆ ಒಂದನ್ನು ಮಾತ್ರ ಸಡಿಲಿಸಿ ನೋಡಬೇಕು, ಉಳಿದುದರ ಮೇಲೆ ಕಾಲೂರಬೇಕು. ಯಾವ ಭಾಗವೂ ಶಾಶ್ವತವಾಗಿ ಪರೀಕ್ಷೆಯಿಂದ ಹೊರಗಿಲ್ಲ, ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಪರೀಕ್ಷೆಯಲ್ಲಿಲ್ಲ. ಗೀತೆಯ ಆ ಎರಡು ಶ್ಲೋಕಗಳು ಒಂದೇ ಅಧ್ಯಾಯದಲ್ಲಿ ನೆಮ್ಮದಿಯಿಂದ ಇರಬಲ್ಲವಾದರೆ, ಒಬ್ಬನೇ ಮನುಷ್ಯನಲ್ಲಿ ಪ್ರಶ್ನೆಯೂ ಶ್ರದ್ಧೆಯೂ ಒಟ್ಟಿಗೆ ಬದುಕಬಲ್ಲವು. ಹಾಗೆ ಬದುಕದ ಶ್ರದ್ಧೆ ತನ್ನ ದೋಷವನ್ನು ಕಾಣಲಾರದು. ಹಾಗೆ ಬದುಕದ ಪ್ರಶ್ನೆ ಯಾವ ದೋಷವನ್ನೂ ತಿದ್ದಲಾರದು.